ಹಿತ್ತಾಳೆಗೆ ಬಣ್ಣ ಬಳಿದ ಬೇಸಿಗೆ

ನನಗಾದ ಅನ್ಯಾಯ ಯಾವುದೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಖಾಸಿಂಬಿಯ ಗಾದಿ ಶೆಡ್ಡು ಸುಟ್ಟುಹೋದದ್ದು ನಾನು ತಡಮಾಡಿದ್ದರಿಂದ ಎಂದು ನಮ್ಮ ಬಡಾವಣೆಯ ಸುರಕ್ಷಾ ಸಮಿತಿಯವರು ತುಂಬಿದ ಸಭೆಯಲ್ಲಿ ಹೇಳಿದರು. ಖಾಸಿಂಬಿ ಅದನ್ನು ನಂಬಿದಳು. ನಂಬಿ, ಎರಡು ವರ್ಷ ನನ್ನ ಮುಖ ನೋಡಲಿಲ್ಲ. ತಡವಾದದ್ದು ನಿಜ, ತಡಮಾಡಿದ್ದು ನಾನಲ್ಲ. ಈ ಎರಡು ಮಾತುಗಳ ನಡುವಿನ ಅಂತರವನ್ನು ಆ ಸಭೆಯಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲವಾದ್ದರಿಂದ ಈಗ ಬರೆದು ಹೇಳುತ್ತಿದ್ದೇನೆ.

ಇದನ್ನೆಲ್ಲ ಮತ್ತೆ ಕೆದಕಿದ್ದು ಒಂದು ವಾಸನೆ. ಮೊನ್ನೆ ಬೆಳಿಗ್ಗೆ ಬಡಾವಣೆಯ ಉದ್ಯಾನದ ಮುಂದೆ ಹಾದುಹೋಗುತ್ತಿದ್ದೆ. ಹೊಸ ಎಣ್ಣೆಬಣ್ಣದ ವಾಸನೆ ಮೂಗಿಗೆ ಬಡಿಯಿತು. ಕಾಲು ತಾನಾಗಿ ನಿಂತಿತು. ಅದು ಕೆಂಪು ಬಣ್ಣವೆಂದು ತಲೆ ಎತ್ತುವ ಮೊದಲೇ ನನಗೆ ಗೊತ್ತಾಗಿತ್ತು. ಮನೆಗೆ ಹೋಗಿ ಹೀಗೆಂದಾಗ ನನ್ನ ಹೆಂಡತಿ ಹನುಮವ್ವ ನಕ್ಕಳು.

"ಬಣ್ಣದ ವಾಸನಿ ಬಂದ್ರ ಯಾರೋ ಬಣ್ಣ ಹಚ್ಚಾಕತ್ತಾರ ಅಂತ ತಿಳೀಬೇಕು. ನಿಮಗ ಮಾತ್ರ ಅದರಾಗ ಹೊಗಿ ವಾಸನಿ ಬರತದ."

ಅವಳು ಹೇಳಿದ್ದು ಸರಿ. ನನಗೆ ಆ ಬಣ್ಣದಲ್ಲಿ ಸುಟ್ಟ ಅರಳೆಯ ವಾಸನೆ ಬರುತ್ತದೆ. ಕಾರಣವಿದೆ.

ರಾಯಚೂರಿನಿಂದ ಮಾನ್ವಿಯ ಕಡೆ ಹೋಗುವ ರಸ್ತೆಯ ಪಕ್ಕ, ಊರು ಮುಗಿಯಿತೆನ್ನುವಲ್ಲಿ, ಹಿಂದೆ ಒಂದು ಹತ್ತಿ ಜಿನ್ನಿಂಗ್ ಮಿಲ್ಲು ಇತ್ತು. ಹತ್ತಿಯಿಂದ ಬೀಜ ಬಿಡಿಸಿ, ಅರಳೆಯನ್ನು ಒತ್ತಿ ಅಂಡಿಗೆಯೆಂಬ ಮೂಟೆ ಕಟ್ಟುವ ಮಿಲ್ಲು. ಅಂಡಿಗೆಗಳ ಗೋದಾಮಿನಲ್ಲಿ ಒಂದು ಬೀಡಿಯ ಕಿಡಿ ಸಾಕು. ಒಳಗೊಳಗೇ ಹಬ್ಬಿ, ಹೊರಗೆ ಕಾಣಿಸುವ ಹೊತ್ತಿಗೆ ಉಳಿಯುವುದು ಬೂದಿ. ಆದಕಾರಣ ಮಿಲ್ಲಿನ ಮಾಲೀಕರು ಸ್ವಂತಕ್ಕೆ ಎರಡು ಬೆಂಕಿಬಂಡಿಗಳನ್ನು ಇಟ್ಟುಕೊಂಡಿದ್ದರು. ಒಂದು ಲಾರಿಯಷ್ಟು ದೊಡ್ಡದು. ಉದ್ದ ಮೂತಿ, ಪಕ್ಕದಲ್ಲಿ ಮರದ ಏಣಿ, ಮುಂದೆ ಹಗ್ಗ ಜಗ್ಗಿ ಬಾರಿಸುವ ಹಿತ್ತಾಳೆಯ ಗಂಟೆ, ಚಾಲೂ ಮಾಡಲು ಮೂತಿಗೆ ಹಾಕಿ ತಿರುಗಿಸುವ ಕಬ್ಬಿಣದ ಹಿಡಿಕೆ. ಇನ್ನೊಂದು, ಅದರ ಹಿಂದೆ ಕಟ್ಟಿ ಎಳೆದೊಯ್ಯುವ ಎರಡು ಚಕ್ರದ ಪಂಪು. ಅದನ್ನು ಬಾವಿಯ ದಂಡೆಗೆ ನಿಲ್ಲಿಸಿದರೆ ನೀರು ಸೇದಿ ದೊಡ್ಡ ಬಂಡಿಗೆ ಉಣಿಸುತ್ತಿತ್ತು. ಮಿಲ್ಲಿನ ಹೆಣ್ಣಾಳುಗಳು ಅವಕ್ಕೆ ದೊಡ್ಡಕ್ಕ, ಸಣ್ಣಕ್ಕ ಎಂದು ಹೆಸರಿಟ್ಟಿದ್ದರು. ನಾನು ದೇವದುರ್ಗ ತಾಲೂಕಿನ ಜಾಲಹಳ್ಳಿಯ ಕುರಿ ಕಾಯುವ ಮನೆತನದಿಂದ ಬಂದವನು; ಹೆಸರು ಬೀರಪ್ಪ, ಖಾಸಿಂಬಿಗೆ ಬೀರಣ್ಣ. ಹುಡುಗನಾಗಿ ಆ ಬಂಡಿಗಳ ಬಳಿ ಕೆಲಸಕ್ಕೆ ನಿಂತೆ. ಅವುಗಳ ಮೇಲ್ವಿಚಾರಕನಾಗಿ ನಿವೃತ್ತನಾದೆ. ದೊಡ್ಡಕ್ಕನ ಚಾಲಕ ಮೌಲಾಸಾಬ. ಖಾಸಿಂಬಿ ಅವನ ಹೆಂಡತಿ. ನೀರಿನ ಕೊಳವೆ ಹಿಡಿಯುತ್ತಿದ್ದವನು ಹಿರೇಕೊಟ್ನೆಕಲ್ಲಿನ ತಿಮ್ಮಪ್ಪ.

ಮೌಲಾಸಾಬನದೊಂದು ಕಟ್ಟಳೆ ಇತ್ತು. ಪ್ರತಿ ಅಮಾವಾಸ್ಯೆಗೆ, ಬೇರೆಯವರು ತಮ್ಮ ಗಾಡಿಗೆ ಕಾಯಿ ಒಡೆದು ನಿಂಬೆಹಣ್ಣು ಕಟ್ಟುವ ದಿನ, ನಾವು ಮೂವರೂ ಕೂಡಿ ಬಂಡಿಗಳ ಹಿತ್ತಾಳೆಯ ಬಾಯಿಗಳನ್ನೆಲ್ಲ ಬಿಚ್ಚಬೇಕು. ನೀರು ಹೊರಬರುವ ಬಾಯಿ, ಅದರ ಮುಚ್ಚಳ, ಕೊಳವೆಯ ತುದಿ, ಹೀಗೆ ತಿರುಪಿನ ಗೆರೆ ಇರುವುದೆಲ್ಲವನ್ನೂ ಹುಣಸೆಹಣ್ಣಿನಿಂದ ತಿಕ್ಕಿ, ಹತ್ತಿಕಾಳಿನ ಎಣ್ಣೆ ಸವರಿ, ಎರಡು ಬೆರಳಿನಿಂದ ತಿರುವಿದರೆ ತಿರುಗುವಂತೆ ಮಾಡಿ ಮುಚ್ಚಬೇಕು. ಕಾಯಿ ಒಡೆಯುವುದು ಆಮೇಲೆ. ಮೌಲಾಸಾಬ ನಮಾಜು ಮಾಡುವವನು. ಆದರೂ ಕಾಯಿಯ ಒಂದು ಹೋಳು ತಪ್ಪದೆ ಕೇಳಿ ಪಡೆಯುತ್ತಿದ್ದ.

"ಹಿತ್ತಾಳಿಗಿ ಬಣ್ಣ ಇಲ್ಲ ನೋಡ್ರಿ," ಎನ್ನುತ್ತಿದ್ದ. "ಕಬ್ಬಿಣಕ್ಕ ಬೇಕಾದ ಬಣ್ಣ ಹಚ್ಚರಿ, ಮದಲಿಂಗನಂಗ ಮಾಡ್ರಿ. ಹಿತ್ತಾಳಿ ಮುಟ್ಟಬ್ಯಾಡ್ರಿ. ಬಾಯಿಗಿ ಬಣ್ಣ ಹಚ್ಚಿದ್ರ ಉಣ್ಣಾಕ ಆಗ್ತದೇನು?"

ಮಿಲ್ಲು ಮುಚ್ಚಿತು. ಜಾಗವನ್ನು ನಿವೇಶನ ಮಾಡಿ ಮಾರಿದರು. ಮಿಲ್ಲಿನ ಬಡಾವಣೆ ಎಂಬ ಹೆಸರು ಉಳಿಯಿತು. ಹಳೆಯ ಬಾವಿಯೂ, ತಗಡಿನ ಶೆಡ್ಡಿನಲ್ಲಿದ್ದ ದೊಡ್ಡಕ್ಕ ಸಣ್ಣಕ್ಕರೂ ಉಳಿದರು. ನಾವು ಮೂವರೂ ಅಲ್ಲಿಯೇ ಸಣ್ಣ ಜಾಗ ಪಡೆದು ಮನೆ ಕಟ್ಟಿಕೊಂಡೆವು; ಅಮಾವಾಸ್ಯೆಯ ಕಟ್ಟಳೆಯನ್ನೂ ಬಿಡಲಿಲ್ಲ. ಮೌಲಾಸಾಬ ನಿವೃತ್ತಿಯ ಹಣದಲ್ಲಿ ಅರಳೆ ಹಿಂಜುವ ಒಂದು ಮಷೀನು ಕೊಂಡು ಮನೆಯ ಪಕ್ಕ ಶೆಡ್ಡು ಹಾಕಿದ. ಗಂಡ ಅರಳೆ ಹಿಂಜಿದರೆ ಹೆಂಡತಿ ಗಾದಿ ಹೊಲಿಯುವಳು. ಅವನು ತೀರಿಕೊಂಡ ಮೇಲೆ ಎರಡನ್ನೂ ಅವಳೇ ಮಾಡತೊಡಗಿದಳು. ಇವಿಷ್ಟು ಜನ, ಎರಡು ಬಂಡಿ, ಒಂದು ಬಾವಿ. ಉಳಿದದ್ದೆಲ್ಲ ಆ ಬೇಸಿಗೆಯದು.

ರಾಯಚೂರಿನ ಬೇಸಿಗೆಯನ್ನು ನಾನು ವರ್ಣಿಸಬೇಕಾಗಿಲ್ಲ. ಆದರೆ ಆ ವರ್ಷದ್ದು ಬೇರೆ. ಶಿವರಾತ್ರಿಯ ಹೊತ್ತಿಗೇ ಯರೆ ಭೂಮಿ ಕೈ ತೂರುವಷ್ಟು ಬಿರುಕು ಬಿಟ್ಟಿತ್ತು. ಮಧ್ಯಾಹ್ನ ಗಾಳಿ ಎದ್ದರೆ ಅದು ಗಾಳಿಯಲ್ಲ, ಬಾಯಿ ತೆರೆದ ಒಲೆ. ಬಡಾವಣೆಯಲ್ಲಿ ಮನೆಗಿಂತ ಖಾಲಿ ನಿವೇಶನ ಹೆಚ್ಚು; ಒಂದೊಂದರಲ್ಲೂ ಎದೆಮಟ್ಟ ಒಣಹುಲ್ಲು, ಅದರ ಮೇಲೆ ಯಾರೋ ತಂದು ಒಟ್ಟಿದ ಹತ್ತಿಕಟ್ಟಿಗೆ. ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಊಟಕ್ಕೆ ಕುಳಿತರೆ ಎದ್ದು ಹೋಗಿ ಮಾಳಿಗೆಯ ಮೇಲೆ ನಿಂತು ನಾಲ್ಕೂ ದಿಕ್ಕು ನೋಡುವೆ. ರೊಟ್ಟಿ ಆರುತ್ತಿತ್ತು.

"ಮಿಲ್ ಮುಚ್ಚಿ ಎಷ್ಟೋ ವರ್ಷ ಆತು," ಎನ್ನುವಳು ಹನುಮವ್ವ. "ನಿಮ್ಮ ಡ್ಯೂಟಿ ಇನ್ನಾ ಮುಗಿದಿಲ್ಲ. ರೊಟ್ಟಿಗಿ ಬೆಂಕಿ ಹಚ್ಚಿದ್ರರ ಮನ್ಯಾಗ ಕುಂಡ್ರತೀರೇನೋ."

ಮೊದಲ ಬೆಂಕಿ ಬಿದ್ದದ್ದು ಒಂದು ನಿವೇಶನದ ಹುಲ್ಲಿಗೆ. ಸರ್ಕಾರಿ ಬಂಡಿಗೆ ಫೋನು ಮಾಡಿದರು. ಅದು ಯಾಪಲದಿನ್ನಿಯ ಕಡೆ ಬಣವೆಯ ಬೆಂಕಿಗೆ ಹೋಗಿತ್ತು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆ ಬೇಸಿಗೆ ಎಲ್ಲ ಕಡೆಯೂ ಹೊಗೆ. ನಾನೂ ತಿಮ್ಮಪ್ಪನೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೋಗಿ ಶೆಡ್ಡಿನ ತಗಡು ಸರಿಸಿದೆವು. ಬ್ಯಾಟರಿ ಇರಲಿಲ್ಲ; ದೊಡ್ಡಕ್ಕನಿಗೆ ಬೇಕಾಗಿಯೂ ಇರಲಿಲ್ಲ. ಮೂತಿಯ ಹಿಡಿಕೆ ಹಾಕಿ ತಿಮ್ಮಪ್ಪ ತಿರುವಿದ, ಮತ್ತೆ ತಿರುವಿದ, ಬೈದ, ಮತ್ತೆ ತಿರುವಿದ. ಕೆಮ್ಮಿತು. ಕೆಮ್ಮಿ, ಕಪ್ಪು ಹೊಗೆ ಉಗುಳಿ, ಇಡೀ ಶೆಡ್ಡನ್ನು ನಡುಗಿಸುತ್ತ ಎದ್ದಿತು.

"ಏಳು ನಮ್ಮವ್ವಾ, ಏಳು! ಇಷ್ಟ ವರ್ಷ ಮಲಗಿದ್ದು ಸಾಕು!" ಎಂದು ಅವನು ಅದರ ಮೂತಿಯನ್ನು ತಟ್ಟಿದ.

ನಾನು ಚಾಲಕನ ಜಾಗದಲ್ಲಿ ಕುಳಿತು ಗಂಟೆಯ ಹಗ್ಗ ಜಗ್ಗಿದೆ. ಬಡಾವಣೆಯ ಮಕ್ಕಳು ಆ ಸದ್ದನ್ನು ಹಿಂದೆ ಕೇಳಿದವರಲ್ಲ. ಕುಲ್ಫಿಯ ಗಾಡಿ ಬಂತೆಂದು ಬಟ್ಟಲು ಹಿಡಿದು ಬೀದಿಗೆ ಓಡಿಬಂದರು. ಬೆಂಕಿ ಆರಿಸಿ ಬಂಡಿ ತಿರುಗಿಸುವಾಗ ಕೊಡ ಹಿಡಿದ ಹೆಂಗಸರು ಅಡ್ಡ ನಿಂತರು.

"ಯಪ್ಪಾ, ನಮ್ಮಲ್ಲಿ ಟ್ಯಾಂಕರ್ ಬಂದು ಭಾಳ ದಿನ ಆತು. ಬೆಂಕಿ ಉಂಡು ಬಿಟ್ಟ ನೀರು ನಮಗರ ಹಾಕ್ರಿ."

ತಿಮ್ಮಪ್ಪ ಕೊಳವೆಯ ಬಾಯನ್ನು ಕೊಡಗಳ ಕಡೆ ತಿರುಗಿಸಿದ. ಆ ದಿನದಿಂದ ದೊಡ್ಡಕ್ಕ ಬಡಾವಣೆಯವಳಾದಳು.

ಒಣಮೆಣಸಿನಕಾಯಿಯ ಗೋದಾಮಿಗೆ ಹತ್ತಿದ ಬೆಂಕಿಯನ್ನಂತೂ ಕಂಡವರು ಮರೆತಿರಲಾರರು. ಮೆಣಸಿನಕಾಯಿ ಉರಿದರೆ ಜ್ವಾಲೆ ಕಡಿಮೆ, ಹೊಗೆ ಹೆಚ್ಚು. ಆ ಹೊಗೆ ಒಳಗೆ ಹೋದರೆ ಎದೆಯನ್ನು ಚಾಕುವಿನಿಂದ ಕೆರೆದಂತೆ. ಇಡೀ ಬೀದಿ ಸೀನುತ್ತ, ಅಳುತ್ತ, ಬೈಯುತ್ತ ಹೆದ್ದಾರಿಗೆ ಓಡಿತು. ನಾನು ಜಾಲಹಳ್ಳಿಯಿಂದ ತಂದ ಕಂಬಳಿಯನ್ನು ಬಾವಿಯಲ್ಲಿ ಅದ್ದಿ ತಲೆಯ ಮೇಲೆ ಹೊದ್ದು, ಕಣ್ಣಿಗಷ್ಟು ಸಂದಿ ಬಿಟ್ಟುಕೊಂಡು ಒಳಗೆ ನಡೆದೆ. ಒದ್ದೆ ಕಂಬಳಿಯೊಳಗೆ ಕುರಿಯ ವಾಸನೆ; ನನ್ನ ಅಪ್ಪನ ವಾಸನೆ. ಹಿಂದಿನಿಂದ ಖಾಸಿಂಬಿಯ ಕೂಗು ಕೇಳಿಸುತ್ತಿತ್ತು: "ಬೀರಣ್ಣಾ, ಎಡಕ್ಕ! ಎಡಕ್ಕ ಹೊಡಿ! ನಮ್ಮಾಂವ ಇದ್ದಿದ್ರ ಇಷ್ಟೊತ್ತಿಗಿ ಆರಿಸಿ ಚಾ ಕುಡೀತಿದ್ದ!" ಬೆಂಕಿ ಆರಿದ ಮೇಲೆ ನಮಗೆಲ್ಲ ಚಹ ಮಾಡಿಕೊಟ್ಟವಳೂ ಅವಳೇ. ಆ ವರ್ಷದ ರಂಜಾನಿಗೆ ಶೀರ್‌ಖುರ್ಮಾದ ಡಬ್ಬಿ ಎಂದಿನಂತೆ ಮೊದಲು ನಮ್ಮ ಮನೆಗೆ ಬಂತು. ಅದು ಕೊನೆಯ ಡಬ್ಬಿಯೆಂದು ನನಗೆ ತಿಳಿದಿರಲಿಲ್ಲ.

ಇಷ್ಟಾದ ಮೇಲೆ ಸುರಕ್ಷಾ ಸಮಿತಿ ಎಂಬುದು ಹುಟ್ಟಿತು. ಬೆಂಕಿ ಬಿದ್ದಾಗ ಹುಟ್ಟಲಿಲ್ಲ. ಬೆಂಕಿ ಆರಿಸಿದ ಚಿತ್ರ ಪತ್ರಿಕೆಯಲ್ಲಿ ಬಂದಾಗ ಹುಟ್ಟಿತು. ಸಿಮೆಂಟಿನ ವ್ಯಾಪಾರಿ ಚನ್ನವೀರಪ್ಪನವರು ಅಧ್ಯಕ್ಷರಾದರು. ಮೊದಲ ಸಭೆಗೆ ನನ್ನನ್ನೂ ತಿಮ್ಮಪ್ಪನನ್ನೂ ಕರೆದರು. ಎಲ್ಲರಿಗೂ ಚಹ ಬಂತು. ಅವರಿಗೆ ಪಿಂಗಾಣಿ ಬಟ್ಟಲಿನಲ್ಲಿ, ನಮ್ಮಿಬ್ಬರಿಗೆ ಕಾಗದದ ಲೋಟದಲ್ಲಿ. ಬಟ್ಟಲು ಸಾಲಲಿಲ್ಲವೇನೋ ಎಂದುಕೊಳ್ಳಬಹುದಿತ್ತು. ಕಿಟಕಿಯಲ್ಲಿ ಎರಡು ಖಾಲಿ ಬಟ್ಟಲು ಬೋರಲಾಗಿ ಕುಳಿತಿದ್ದನ್ನು ನಾನು ನೋಡಿದ್ದೇನೆ. ತಿಮ್ಮಪ್ಪನ ಮಗಳು ಮಾನ್ವಿಯ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳೆದುರು ಹಾಗೆ ಮಾಡುವ ಧೈರ್ಯ ಅವರಿಗೆ ಇರಲಾರದು. ತಿಮ್ಮಪ್ಪ ಚಹ ಕುಡಿಯಲಿಲ್ಲ. ಲೋಟವನ್ನು ಹಾಗೆಯೇ ಮೇಜಿನ ಮೇಲೆ ಇಟ್ಟು ಬಂದ.

ಬಂಡಿಗಳನ್ನು ಲೋಕಾರ್ಪಣೆ ಮಾಡಬೇಕು ಎಂಬುದು ಅಧ್ಯಕ್ಷರ ಸಂಕಲ್ಪ. ಅವು ಶಿವರಾತ್ರಿಯಿಂದ ಲೋಕದ ಕೆಲಸವನ್ನೇ ಮಾಡುತ್ತಿವೆಯಲ್ಲ ಎಂದು ನಾನು ವಿನಯದಿಂದಲೇ ಹೇಳಿದೆ.

"ಕೆಲಸ ಮಾಡೋದು ಬ್ಯಾರೆ, ಉದ್ಘಾಟನಿ ಬ್ಯಾರೆ ಬೀರಪ್ಪ," ಎಂದರು ಅಧ್ಯಕ್ಷರು. ನಾನು ಅವರಿಗೆ ಸರ್ ಎನ್ನುತ್ತಿದ್ದೆ. ವಯಸ್ಸಿನಲ್ಲಿ ಅವರು ನನ್ನ ತಮ್ಮನಿಗಿಂತ ಕಿರಿಯರು. "ದೊಡ್ಡವರು ಬಂದು ರಿಬ್ಬನ್ ಕತ್ತರಿಸಬೇಕು. ಅದಕ್ಕೊಂದು ಕಳೆ ಬರಬೇಕು."

ಕಳೆ ಬರಿಸಲು ಬಣ್ಣದವರನ್ನು ಕರೆಸಿದರು. ನಾನು ಅಂದು ಸಂಜೆ ಶೆಡ್ಡಿಗೆ ಹೋದಾಗ ಕಂಡದ್ದನ್ನು ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣಬಲ್ಲೆ. ದೊಡ್ಡಕ್ಕ ನೆತ್ತಿಯಿಂದ ಚಕ್ರದವರೆಗೆ ಕೆಂಪು. ಕಬ್ಬಿಣ ಕೆಂಪು, ಮರದ ಏಣಿ ಕೆಂಪು, ಗಂಟೆ ಕೆಂಪು. ನೀರಿನ ಬಾಯಿಯ ಮುಚ್ಚಳ ಬಿಚ್ಚಿ, ಒಳಗಿನ ತಿರುಪಿನ ಗೆರೆಗಳಿಗೂ ಬಣ್ಣ ತುಂಬಿ, ಅದು ಹಸಿಯಿರುವಾಗಲೇ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಅದರ ಮೇಲೂ ಇನ್ನೊಂದು ಕೈ ಬಳಿದಿದ್ದರು. ಸಣ್ಣಕ್ಕನಿಗೂ ಅದೇ ಗತಿ. ನಾನು ಮುಚ್ಚಳ ಹಿಡಿದು ತಿರುವಲು ಹೋದೆ. ಬಣ್ಣದವನು ಕೈ ಹಿಡಿದ.

"ಯಜಮಾನ್ರ, ಮುಟ್ಟಬ್ಯಾಡ್ರಿ. ಬೆರಳಿನ ಗುರ್ತು ಬಿದ್ರ ಅಧ್ಯಕ್ಷರು ನನ್ನ ಕೂಲಿ ಹಿಡಿತಾರ."

ನಾನು ಅಧ್ಯಕ್ಷರ ಅಂಗಡಿಗೆ ಹೋದೆ. ಅಲ್ಲಿ ನಡೆದ ಮಾತನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ.

"ಸರ್, ಹಿತ್ತಾಳಿ ಮ್ಯಾಲ ಬಣ್ಣ ಹಚ್ಯಾರ. ಒಣಗಿದ್ರ ಮುಚ್ಚಳ ಬಿಚ್ಚಾಕ ಬರಂಗಿಲ್ಲ. ಈಗೇ ತೆಗಸ್ರಿ."

"ಫೋಟೋದಾಗ ಎಲ್ಲಾ ಒಂದೇ ಸಮ ಕೆಂಪು ಕಾಣಬೇಕು ಬೀರಪ್ಪ. ಹಳದಿ ಹಳದಿ ಕಂಡ್ರ ಹಳೇ ಸಾಮಾನ ಕಂಡಂಗ ಕಾಣತದ."

"ಅವು ಹಳೇ ಸಾಮಾನೇ ಸರ್. ನೀರು ಬರೋದು ಆ ಹಳದಿಯಾಗಿಂದ."

"ಒಂದು ಕಾರ್ಯಕ್ರಮ ಮುಗೀಲಿ. ಆಮ್ಯಾಲ ನೀನು ಹೆಂಗ ಬೇಕು ಹಂಗ ತಿಕ್ಕು."

ನೀನು ಎಂದರು. ಆ ಅಂಗಡಿಯಲ್ಲಿ ಸಿಮೆಂಟು ಕೊಳ್ಳಲು ಬಂದ ಗಿರಾಕಿಗಳು ನಿಂತಿದ್ದರು.

ಕಾರ್ಯಕ್ರಮ ಮುಗಿಯಲಿಲ್ಲ, ಏಕೆಂದರೆ ಅದು ಆರಂಭವಾಗಲೇ ಇಲ್ಲ. ಬರಬೇಕಾದ ಗಣ್ಯರು ಈ ವಾರ ಬರಲಾಗದು, ಮುಂದಿನ ವಾರ ಎಂದರು. ಮುಂದಿನ ವಾರವೂ ಹಾಗೆಯೇ ಹೇಳಿದರು. ಬಂಡಿಗಳ ಮುಂದೆ ಕಂಬ ನೆಟ್ಟು ಅಡ್ಡಲಾಗಿ ಗುಲಾಬಿ ಬಣ್ಣದ ರೇಷ್ಮೆ ರಿಬ್ಬನ್ ಕಟ್ಟಿ, ನಡುವೆ ಹೂವಿನಂಥ ಗಂಟು ಹಾಕಿದ್ದರು. ರಿಬ್ಬನ್ ಕತ್ತರಿಸುವವರೆಗೆ ಬಂಡಿ ಮುಟ್ಟಬಾರದೆಂದು ಅಪ್ಪಣೆಯಾಯಿತು. ಶೆಡ್ಡಿಗೆ ಹೊಸ ಬೀಗ ಬಿತ್ತು. ಬೀಗದ ಕೈ ಅಧ್ಯಕ್ಷರ ಅಂಗಡಿಯ ಗಲ್ಲಾದಲ್ಲಿ. ನಡುವೆ ಒಂದು ಅಮಾವಾಸ್ಯೆ ಬಂತು. ನಾನು ಹುಣಸೆಹಣ್ಣು ನೆನೆಸಿಕೊಂಡು ಹೋದೆ. ಬೀಗದ ಕೈ ಕೊಡಲಿಲ್ಲ. ಮೌಲಾಸಾಬ ಹಾಕಿಕೊಟ್ಟ ಕಟ್ಟಳೆ ಮೊದಲ ಬಾರಿ ತಪ್ಪಿತು. ಬಟ್ಟಲಿನ ಹುಣಸೆಹಣ್ಣನ್ನು ಹಾಗೆಯೇ ಮನೆಗೆ ತಂದೆ. ಹನುಮವ್ವ ಅದರಲ್ಲಿ ಸಾರು ಮಾಡಿದಳು.

ಗಾಳಿ ಮಾತ್ರ ಯಾರ ದಿನಾಂಕಕ್ಕೂ ಕಾಯಲಿಲ್ಲ. ಒಂದು ಮಧ್ಯಾಹ್ನ ನಾನು ಮಾಳಿಗೆಯ ಮೇಲಿದ್ದೆ. ಖಾಸಿಂಬಿಯ ಶೆಡ್ಡಿನ ಹಿಂದಿನ ನಿವೇಶನದಲ್ಲಿ ಯಾರೋ ಕಸಕ್ಕೆ ಹಚ್ಚಿದ ಬೆಂಕಿ ಹುಲ್ಲಿಗೆ ತಗುಲಿ, ಹುಲ್ಲಿನಿಂದ ಹತ್ತಿಕಟ್ಟಿಗೆಗೆ ನೆಗೆಯಿತು. ಕಟ್ಟಿಗೆಯಿಂದ ಹಾರಿದ ಕಿಡಿಗಳು ಶೆಡ್ಡಿನ ತಗಡಿನ ಸಂದಿಯಲ್ಲಿ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಮದುವೆಯ ಕಾಲ, ಗಾದಿಗೆ ಗಿರಾಕಿ ಹೆಚ್ಚು. ಒಳಗೆ ಮೇಲಿನ ತಗಡು ಮುಟ್ಟುವಷ್ಟು ಅರಳೆ.

ಬಂಡಿಗಳ ಶೆಡ್ಡಿಗೆ ಓಡಿದೆವು; ತಿಮ್ಮಪ್ಪ ಅದರ ಬೀಗವನ್ನು ಕಲ್ಲಿನಿಂದ ಒಡೆದ. ಅದೇ ಹೊತ್ತಿಗೆ ಅಧ್ಯಕ್ಷರ ಫೋನು ಬಂತು. ನಾನು ಹಿಡಿದೆ.

"ಬೀರಪ್ಪ, ಬೀಗ ಒಡದ್ರಂತ. ಇರಲಿ, ಇರಲಿ. ಆದ್ರ ರಿಬ್ಬನ್ ಕತ್ತರಿಸಬ್ಯಾಡ್ರಿ. ಗಂಟು ಬಿಚ್ಚಿ, ಮಡಚಿ ಇಡ್ರಿ. ಅದು ಬ್ಯಾರೆ ಕಡಿಂದ ತರಿಸಿದ್ದು."

ನಾನು ತಿಮ್ಮಪ್ಪನಿಗೆ ಅದನ್ನು ಹೇಳಲೂ ಇಲ್ಲ. ಗೇರ್ ಹಾಕಿದೆ. ದೊಡ್ಡಕ್ಕ ರಿಬ್ಬನ್ನನ್ನು ಎದೆಯಿಂದ ಹರಿದುಕೊಂಡು ಹೊರಬಂದಳು. ಗುಲಾಬಿ ಗಂಟು ಮೂತಿಗೆ ಸಿಕ್ಕಿಕೊಂಡು ಬೀದಿಯುದ್ದಕ್ಕೂ ಹಾರಾಡುತ್ತಿತ್ತು. ಗಂಟೆಯ ಹಗ್ಗ ಜಗ್ಗಿದೆ. ಬಣ್ಣ ಕುಡಿದ ಗಂಟೆ ಕಿವುಡು ಸದ್ದು ಮಾಡಿತು.

ಖಾಸಿಂಬಿಯ ಶೆಡ್ಡಿನ ಮುಂದೆ ಬಂಡಿ ನಿಲ್ಲಿಸಿದಾಗ ಬೆಂಕಿ ಇನ್ನೂ ಒಂದು ಮೂಲೆಯಲ್ಲಿತ್ತು. ಇದನ್ನು ಒತ್ತಿ ಹೇಳುತ್ತೇನೆ: ಒಂದು ಮೂಲೆಯಲ್ಲಿತ್ತು. ಟ್ಯಾಂಕಿನಲ್ಲಿ ನೀರಿತ್ತು. ಪಂಪು ತಿರುಗುತ್ತಿತ್ತು. ತಿಮ್ಮಪ್ಪ ಕೊಳವೆ ಹೆಗಲಿಗೇರಿಸಿ ಬಾಯಿಯ ಮುಚ್ಚಳಕ್ಕೆ ಕೈ ಹಾಕಿದ. ತಿರುಗಲಿಲ್ಲ. ಎರಡು ಬೆರಳಿನಿಂದ ತಿರುಗಬೇಕಾದದ್ದು ಎರಡು ಕೈಯಿಂದ ತಿರುಗಲಿಲ್ಲ. ಕಬ್ಬಿಣದ ಇಕ್ಕಳ ಹಾಕಿದ. ಜಾರಿತು. ಸೀಮೆಎಣ್ಣೆ ಸುರಿದರೆ ಮೇಲಿನ ಬಣ್ಣವಷ್ಟೇ ಕರಗಿತು; ಬೆಂಕಿಯ ಝಳಕ್ಕೆ ಮೈಯೆಲ್ಲ ಬೆವರು, ಕೈಗೆಲ್ಲ ಕೆಂಪು ಬಣ್ಣ. ದೂರದಿಂದ ನೋಡಿದವರಿಗೆ ರಕ್ತದಂತೆ ಕಂಡಿತಂತೆ. ಸುತ್ತಿಗೆಯಿಂದ ಹೊಡೆದೆವು. ಸುತ್ತ ನೆರೆದ ಜನ ಕೂಗುತ್ತಿದ್ದರು.

"ನೀರು ಬಿಡ್ರಿ! ಏನು ನೋಡಾಕತ್ತೀರಿ?"

"ಮುದುಕರಿಗಿ ಕೊಟ್ರ ಇನ್ನೇನಾಗತದ?"

ಆಗ ಖಾಸಿಂಬಿ ಶೆಡ್ಡಿನೊಳಗೆ ನುಗ್ಗಿದಳು. ಮಷೀನು ಹೊರಗೆ ಎಳೆಯಲು ಹೋದಳು. ಒಬ್ಬ ಹೆಂಗಸಿನಿಂದ ಎಳೆಯಲಾಗುವ ವಸ್ತುವೇ ಅದು? ನಾನು ಒದ್ದೆ ಕಂಬಳಿ ಹೊದ್ದು ಹಿಂದೆ ಹೋಗಿ, ಅವಳನ್ನೂ ಅದರಲ್ಲಿ ಸುತ್ತಿ, ಹೊರಗೆ ಎಳೆದೆ. ಅವಳು ಕಂಬಳಿಯೊಳಗಿಂದಲೇ ನನ್ನ ಎದೆಗೆ ಗುದ್ದುತ್ತಿದ್ದಳು.

"ಬಿಡೋ ಬೀರಣ್ಣಾ! ಬಿಡೋ! ಅದು ಅಂವಾ ತಂದ ಮಷೀನು! ಬಂಡಿ ತಂದು ಯಾಕ ಸುಮ್ಮ ನಿಂತಿ? ನಿನಗೇನು ಬೇನಿ ಬಂದದ? ನೀರು ಬಿಡೋ!"

ನಾನು ಬಿಡಲಿಲ್ಲ. ಅವಳನ್ನೂ ಬಿಡಲಿಲ್ಲ; ನೀರನ್ನು ಬಿಡಲು ನನ್ನಿಂದ ಆಗಲಿಲ್ಲ.

ಕೊನೆಗೆ ತಿಮ್ಮಪ್ಪನಿಗೆ ಹೊಳೆಯಿತು. ಕೋಲಿನ ತುದಿಗೆ ಅರಳೆ ಸುತ್ತಿ, ಶೆಡ್ಡಿನ ಬೆಂಕಿಯಲ್ಲೇ ಅದನ್ನು ಹೊತ್ತಿಸಿ ತಂದು ಮುಚ್ಚಳಕ್ಕೆ ಹಿಡಿದ. ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದು, ಕರಗಿ, ಕೆಟ್ಟ ವಾಸನೆ ಬಿಟ್ಟಿತು. ಸುಡುವ ಅರಳೆಯ ವಾಸನೆಯೊಡನೆ ಕೂಡಿದ ಆ ವಾಸನೆಯೇ ಮೊನ್ನೆ ನನ್ನನ್ನು ಬೀದಿಯಲ್ಲಿ ನಿಲ್ಲಿಸಿದ್ದು. ಬೆಂಕಿ ಆರಿಸಲು ಬಂದವರು ಅದೇ ಬೆಂಕಿಯನ್ನು ಬೇಡಿ ತಂದು ನೀರಿನ ಬಾಯಿ ಬಿಡಿಸಬೇಕಾಯಿತು. ಮುಚ್ಚಳ ತಿರುಗಿತು. ನೀರು ಬಂತು. ಬಾವಿಯ ದಂಡೆಯಲ್ಲಿ ಸಣ್ಣಕ್ಕನ ಬಾಯನ್ನೂ ಹಾಗೆಯೇ ಸುಟ್ಟು ತೆರೆದೆವು. ಆ ಸಾಲಿನ ಉಳಿದ ಮನೆಗಳೆಲ್ಲ ಉಳಿದವು. ಶೆಡ್ಡು ಉಳಿಯಲಿಲ್ಲ. ಮಷೀನು ಕರಿಯ ಎಲುಬಿನ ಗೂಡಾಗಿ ಬೂದಿಯಲ್ಲಿ ನಿಂತಿತ್ತು. ಅದರ ಸುತ್ತ ಒದ್ದೆ ಅರಳೆ ಬಹಳ ಹೊತ್ತು ಹೊಗೆಯಾಡಿತು.

ಸಭೆ ನಡೆದದ್ದು ಉದ್ಯಾನದಲ್ಲಿ. ಖಾಸಿಂಬಿ ಮುಂದಿನ ಸಾಲಿನಲ್ಲಿ, ಸುಟ್ಟ ಕೈಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದಳು. ಅಧ್ಯಕ್ಷರು ಮೈಕು ಹಿಡಿದು, ಸಿಬ್ಬಂದಿಯ ವಿಳಂಬದಿಂದ ನಷ್ಟವಾಯಿತೆಂದೂ, ಅನುಭವವಿದ್ದರೂ ವಯಸ್ಸಾದವರಿಗೆ ಇಂಥ ಹೊಣೆ ಕೊಡಬಾರದಿತ್ತೆಂದೂ, ಅದನ್ನು ಸಮಿತಿ ಪಾಠವೆಂದು ಸ್ವೀಕರಿಸುವುದೆಂದೂ ಹೇಳಿದರು. ಪುಸ್ತಕದ ಕನ್ನಡದಲ್ಲಿ ಹೇಳಿದರು. ಖಾಸಿಂಬಿ ಒಮ್ಮೆ ತಿರುಗಿ ನನ್ನನ್ನು ನೋಡಿದಳು. ನಾನು ಎದ್ದು ನಿಲ್ಲುವ ಮೊದಲೇ ಎದ್ದು ಹೊರಟುಹೋದಳು. ನಾನು ಬಣ್ಣದ ಮಾತು ಹೇಳಿದಾಗ ಅವಳ ಕುರ್ಚಿ ಖಾಲಿ.

"ಮುಚ್ಚಳಕ್ಕ ಬಣ್ಣ ಹಚ್ಚಿಸಿದವರು ನೀವು," ಎಂದೆ. "ಬ್ಯಾಡ ಅಂತ ನಿಮ್ಮ ಅಂಗಡಿಗಿ ಬಂದು ಹೇಳೀನಿ."

"ಹಿರಿಯರು, ಮನಸಿಗಿ ಹಚ್ಚಿಕೋಬ್ಯಾಡ್ರಿ," ಎಂದರು ಅಧ್ಯಕ್ಷರು. ಮೈಕಿನಲ್ಲಿ ಬಹುವಚನ ಬಂದಿತ್ತು. "ಯಾರರ ಬಣ್ಣದಿಂದ ಬೆಂಕಿ ಬಿತ್ತು ಅಂತಾರೇನು?"

ಜನ ನಕ್ಕರು. ನಕ್ಕವರಲ್ಲಿ ಮೆಣಸಿನಕಾಯಿ ಗೋದಾಮಿನವನೂ ಇದ್ದ.

ನಾನು ಖಾಸಿಂಬಿಯ ಮನೆಗೆ ಹೋದೆ. ಬಾಗಿಲು ತೆರೆಯಲಿಲ್ಲ. ಮತ್ತೆ ಹೋದೆ. ಕಿಟಕಿಯಿಂದಲೇ, "ಹೋಗು ಬೀರಣ್ಣ, ನನ್ನ ಬಾಯಿ ಕೆಟ್ಟದ್ದದ," ಎಂದಳು. ಹನುಮವ್ವ ಹೋಗಿ ಬಣ್ಣದ ಸಂಗತಿ ಹೇಳಿ ಬಂದಳು. "ನಿನ್ನ ಗಂಡನ್ನ ನೀನು ಬಿಟ್ಟುಕೊಡತೀಯೇನು?" ಎಂದು ಕೇಳಿ ಖಾಸಿಂಬಿ ಅವಳನ್ನು ಕಳಿಸಿದಳಂತೆ. ರೋಹಿಣಿ ಮಳೆ ಬಿತ್ತು. ಬೂದಿ ತೊಳೆದುಹೋಯಿತು. ಖಾಸಿಂಬಿ ಸ್ವಂತ ಅರಳೆ ಹಿಂಜುವುದನ್ನು ಬಿಟ್ಟು, ಯಾರದೋ ಅಂಗಡಿಯ ತಲೆದಿಂಬುಗಳನ್ನು ಗಂಟು ಕಟ್ಟಿ ಹೊತ್ತು ಮಾನ್ವಿಯ ಸಂತೆಗೆ ಬಸ್ಸಿನಲ್ಲಿ ಹೋಗತೊಡಗಿದಳು. ಬಸ್ಸು ನಮ್ಮ ಮನೆಯೆದುರೇ ನಿಲ್ಲುತ್ತದೆ. ಗಂಟು ಹೊತ್ತು ನಿಂತವಳು ರಸ್ತೆಯ ಆ ಬದಿಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಬಸ್ಸು ತಡವಾದ ದಿನವೂ ಹಾಗೆಯೇ.

ಬಂಡಿಗಳ ಕಥೆ ಬೇಗ ಮುಗಿಯಿತು. ಸಣ್ಣಕ್ಕನನ್ನು ಗುಜರಿಗೆ ಹಾಕಿದರು. ಬಾವಿಗೆ ಚಪ್ಪಡಿ ಮುಚ್ಚಿದರು. ದೊಡ್ಡಕ್ಕನನ್ನು ಉದ್ಯಾನದ ಬಾಗಿಲಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ, ಚಕ್ರ ನೆಲ ಮುಟ್ಟದಂತೆ ಏರಿಸಿ ನಿಲ್ಲಿಸಿದರು. ಕಟ್ಟೆಗೆ ಸಿಮೆಂಟು ಯಾರ ಅಂಗಡಿಯದೆಂದು ನಾನು ಹೇಳಬೇಕಾಗಿಲ್ಲ. ಸುತ್ತ ಬಣ್ಣದ ದೀಪಗಳ ಸರ. ಮಕ್ಕಳನ್ನು ಮೇಲೆ ಕೂರಿಸಿ ಚಿತ್ರ ತೆಗೆದುಕೊಳ್ಳುತ್ತಾರೆ. ರಿಬ್ಬನ್ ಕತ್ತರಿಸುವ ಗಣ್ಯರು ಆಗ ಬಂದರು. ನನಗೂ ತಿಮ್ಮಪ್ಪನಿಗೂ ಕರೆ ಬರಲಿಲ್ಲ.

ಈಗ ಮೊನ್ನೆಯ ಬೆಳಿಗ್ಗೆಗೆ ಬರುತ್ತೇನೆ. ದೊಡ್ಡಕ್ಕನಿಗೆ ಮತ್ತೆ ಬಣ್ಣ ಹಚ್ಚುತ್ತಿದ್ದರು. ಹೊಸ ಹುಡುಗರು. ಬಿಸಿಲಿಗೆ ಸುಲಿದಿದ್ದ ಕೆಂಪಿನ ಮೇಲೆ ಹೊಸ ಕೆಂಪು. ಒಬ್ಬನು ನೀರಿನ ಬಾಯಿಯ ಮುಚ್ಚಳ ಬಿಚ್ಚಿ, ತಿರುಪಿನ ಗೆರೆಗಳಲ್ಲಿ ಕುಂಚ ತಿರುವುತ್ತಿದ್ದ. ಕಳೆದ ಬಾರಿ ತಿಮ್ಮಪ್ಪ ಸುಟ್ಟ ಕರಿಯ ಗುರುತು ಅಲ್ಲಿ ಇನ್ನೂ ಇತ್ತು. ಅದರ ಮೇಲೆಯೇ ಬಳಿಯುತ್ತಿದ್ದ. ನಾನು ನೋಡುತ್ತ ನಿಂತೆ. ನನ್ನ ಪಕ್ಕದಲ್ಲಿ ಯಾರೋ ಗಂಟು ಇಳಿಸಿದ ಸದ್ದಾಯಿತು. ತಲೆದಿಂಬಿನ ಗಂಟು.

ಖಾಸಿಂಬಿ ನನ್ನ ಕಡೆ ನೋಡಲಿಲ್ಲ. ಕುಂಚವನ್ನು ನೋಡುತ್ತಿದ್ದಳು. ಹುಡುಗ ಹಸಿ ಬಣ್ಣದ ಮೇಲೆ ಮುಚ್ಚಳ ಇಟ್ಟು, ಬಿಗಿಯಾಗಿ ತಿರುವಿ, ಮೇಲೊಂದು ಕೈ ಎಳೆದ.

"ಏ ತಮ್ಮಾ," ಎಂದಳು, "ಹಿತ್ತಾಳಿಗ್ಯಾಕ ಹಚ್ಚಾಕತ್ತೀ?"

"ಎಲ್ಲಾ ಒಂದೇ ಸಮ ಕಾಣಬೇಕಂತ ಅಮ್ಮಾ. ಅಧ್ಯಕ್ಷರು ಹೇಳ್ಯಾರ."

"ಒಣಗಿದ ಮ್ಯಾಲ ಬಿಚ್ಚಾಕ ಬರತದೇನು?"

ಹುಡುಗ ನಕ್ಕ. "ಇದನ್ನ ಯಾರು ಬಿಚ್ಚತಾರ ಅಮ್ಮಾ? ಅಂಟಿಕೊಂಡು ಹೋಗತದ."

ಖಾಸಿಂಬಿ ಕಟ್ಟೆಯ ಹತ್ತಿರ ಹೋಗಿ ಆ ಮುಚ್ಚಳದ ಮೇಲೆ ಬೆರಳಿಟ್ಟಳು. ಬೆರಳು ಕೆಂಪಾಯಿತು. ಅದನ್ನು ಬಹಳ ಹೊತ್ತು ನೋಡಿದಳು. ಎರಡು ವರ್ಷಗಳ ಹಿಂದೆ ಬೆಂಕಿಯ ಮುಂದೆ ತಿಮ್ಮಪ್ಪನ ಕೈಗಳು ಏಕೆ ಕೆಂಪಾಗಿದ್ದವೆಂಬುದು ಅವಳಿಗೆ ಹೊಳೆಯುತ್ತಿದ್ದುದನ್ನು ನಾನು ಅವಳ ಮುಖದಲ್ಲಿ ಕಂಡೆ. ಸೆರಗಿಗೆ ಬೆರಳು ಒರೆಸಿಕೊಳ್ಳಲಿಲ್ಲ. ಹಾಗೆಯೇ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತು, ಆ ಸಭೆಯ ನಂತರ ಮೊದಲ ಸಲ ನನ್ನ ಮುಖ ನೋಡಿ ಒಂದು ಮಾತು ಕೇಳಿದಳು. ಅತ್ತ ನಮ್ಮ ಮನೆಯೆದುರು ಮಾನ್ವಿಯ ಬಸ್ಸು ಬಂದು ಹಾರ್ನು ಹೊಡೆಯಿತು, ಅವಳು ತಿರುಗಲಿಲ್ಲ. ಬಸ್ಸು ಹೋಯಿತು.

ನಾನು ಉತ್ತರ ಹೇಳಲಿಲ್ಲ. ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಅಲ್ಲದೆ, ಉತ್ತರಿಸಬೇಕಾದವನು ನಾನಲ್ಲ. ಅಧ್ಯಕ್ಷರೇ, ನಿಮ್ಮ ಮನೆಯಿಂದ ಅವಳ ಮನೆಗೆ ಒಂದೇ ಬೀದಿ. ಮೈಕು ಬೇಡ, ಸಭೆ ಬೇಡ, ಪುಸ್ತಕದ ಕನ್ನಡವೂ ಬೇಡ. ಅವಳ ಬಾಗಿಲಲ್ಲಿ ನಿಂತು, ಕೆಂಪು ಬೆರಳು ಎತ್ತಿ ಹಿಡಿದು ಅವಳು ನನ್ನನ್ನು ಕೇಳಿದ ಪ್ರಶ್ನೆಗೆ ಉತ್ತರ ಹೇಳಿರಿ:

"ಅವತ್ತೂ ಹಿಂಗ ಬಳದಿದ್ರೇನು?"